ಅಮ್ಮ, ಅವನನ್ನೇ ಕೇಳೋಣ್ವಾ?

ಶಿಡ್ಲಘಟ್ಟ ಕಡೆಯ ಹಳ್ಳಿಯಿಂದ ತಾಯಿ, ಮಗ ನನ್ನ ಬಳಿ ಸಲಹೆಗೆ ಬಂದಿದ್ದರು. ಹುಡುಗನನ್ನು ಮಂಜು ಅನ್ನೋಣ. ಗುರುತು ಸಿಗಬಾರದು ಅಂತ ಹೆಸರು, ವಿವರ ಬದಲಿಸಿದ್ದೇನೆ. ವಯಸ್ಸು 22. ಹುಟ್ಟಿನಿಂದಲೇ ಸೆರೆಬ್ರಲ್ ಪಾಲ್ಸಿ, ಅಂದರೆ ಮೆದುಳಿನ ತೊಂದರೆಯಿಂದ ಬರುವ ಚಲನೆಯ ಅಂಗವೈಕಲ್ಯ. ಕೈಕಾಲು ಬಿಗಿ, ಮಾತು ನಿಧಾನ. ಬುದ್ಧಿ ಚುರುಕು.

ಅವನನ್ನು ಏನು ಕೇಳಿದರೂ ಅಮ್ಮನೇ ಉತ್ತರ ಕೊಡುತ್ತಿದ್ದರು. ಈಚೆಗೆ ಸಿಟ್ಟು ಜಾಸ್ತಿ, ತಟ್ಟೆ ತಳ್ಳುತ್ತಾನೆ ಅಂದರು. 'ನಾನು ಹೋದ್ಮೇಲೆ ಇವನಿಗೆ ಯಾರು ಮೇಡಂ?' ಅವನ ಬ್ಯಾಂಕ್ ವ್ಯವಹಾರಕ್ಕೆ ಅಮ್ಮ ಗಾರ್ಡಿಯನ್, ಅಂದರೆ ಕಾನೂನು ಪ್ರಕಾರ ಪೋಷಕಿ, ಆಗಲೇಬೇಕು ಅಂತ ಯಾರೋ ಹೆದರಿಸಿಯೂ ಇದ್ದರು.

'ಅಮ್ಮ, ಸ್ವಲ್ಪ ಹೊತ್ತು ಅವನೇ ಹೇಳಲಿ' ಅಂದೆ. ಕಾದೆವು. 'ಊಟ... ನಾನೇ' ಅಂದ. ಆಮೇಲೆ, 'ಗೂಡು.' ಮನೆಯಲ್ಲಿ ಚಂದ್ರಿಕೆಯಿಂದ, ಅಂದರೆ ಹುಳು ಗೂಡು ಕಟ್ಟುವ ತಟ್ಟಿಯಿಂದ, ರೇಷ್ಮೆ ಗೂಡು ಬಿಡಿಸುವಾಗ ಎಲ್ಲರೂ ಸುತ್ತ ಕೂರುತ್ತಾರೆ. ಇವನೊಬ್ಬ ಒಳಗೆ ಮಲಗಿರುತ್ತಾನೆ. ಸುಸ್ತಾಗುತ್ತೆ ಅಂತ ಅಮ್ಮನೇ ಮಲಗಿಸುತ್ತಿದ್ದರು. ಅವರದು ಪ್ರೀತಿಯೇ. ಆದರೆ ಆ ತಟ್ಟೆ ಯಾಕೆ ಹಾರುತ್ತಿತ್ತು ಅಂತ ನನಗೆ ಅರ್ಥವಾಯಿತು.

ಅವರು ತಂದಿದ್ದ ಚಿತ್ರಾನ್ನ ಅಲ್ಲೇ ಬಿಚ್ಚಿದೆವು. ಚಮಚದ ಹಿಡಿಗೆ ಬಟ್ಟೆ ಸುತ್ತಿ ದಪ್ಪ ಮಾಡಿದೆ. ಜಾರದಿರಲಿ ಅಂತ ತಟ್ಟೆಯ ಅಡಿಗೆ ಒದ್ದೆ ಬಟ್ಟೆ ಹಾಕಿದೆ. ಅರ್ಧ ಚೆಲ್ಲಿತು, ಅರ್ಧ ಬಾಯಿಗೆ ಹೋಯಿತು. ಒರೆಸಲು ಹೋದ ಅಮ್ಮನ ಕೈ ಹಿಡಿದು ನಿಲ್ಲಿಸಿದೆ.

ಅಮ್ಮನಿಗೆ ಹೇಳಿದ್ದು ಇಷ್ಟು. ಯಾವುದು ಅವನೇ ಮಾಡುತ್ತಾನೆ, ಯಾವುದಕ್ಕೆ ಕೈ ಕೊಡಬೇಕು, ಎಲ್ಲಿ ಹಿಡಿದು ಎಬ್ಬಿಸಬೇಕು, ಅವನನ್ನೇ ಕೇಳಿ ಒಂದು ಹಾಳೆಯಲ್ಲಿ ಬರೆಯಿರಿ. ಅವನ ಅಕ್ಕ, ಭಾವ ಈಗಲೇ ಅದನ್ನು ಕಲಿಯಲಿ. ನಿಮ್ಮ ನಂತರದ ದಿನಗಳಿಗೆ ಇದೇ ಮೊದಲ ತಯಾರಿ.

ಗಾರ್ಡಿಯನ್ ವಿಷಯಕ್ಕೆ ಆತುರ ಬೇಡ. ಅವನು ವಯಸ್ಕ, ತನ್ನ ನಿರ್ಧಾರ ತಾನೇ ಮಾಡಬಲ್ಲ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಹೇಳುವ ಸೀಮಿತ ಗಾರ್ಡಿಯನ್ ವ್ಯವಸ್ಥೆಯಲ್ಲೂ ಆ ವ್ಯಕ್ತಿಯ ಜೊತೆ ಸೇರಿಯೇ ತೀರ್ಮಾನ ಮಾಡಬೇಕು. ಅದೂ ಆಯಾ ವಿಷಯಕ್ಕೆ, ಅಷ್ಟು ದಿನಕ್ಕೆ ಮಾತ್ರ. ಹೆಚ್ಚಿನ ನೆರವು ಬೇಕಾದವರು ಅದನ್ನು ಕೇಳಿ ಅರ್ಜಿ ಹಾಕಲು ಅದೇ ಕಾಯ್ದೆಯ 38ನೇ ಸೆಕ್ಷನ್ ಇದೆ. ಅಂಗವಿಕಲರ ಗುರುತಿನ ಚೀಟಿಯಾದ ಯುಡಿಐಡಿ ಕಾರ್ಡ್ ಇನ್ನೂ ಮಾಡಿಸಿರಲಿಲ್ಲ, ಪಂಚಾಯಿತಿಯ ವಿ.ಆರ್.ಡಬ್ಲ್ಯೂ (ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು) ಅವರನ್ನು ಕಾಣಲು ಹೇಳಿದೆ. ಕೇಂದ್ರ ಸರ್ಕಾರದ ರಾಷ್ಟ್ರೀಯ ನ್ಯಾಸದ (ನ್ಯಾಷನಲ್ ಟ್ರಸ್ಟ್) ನಿರಾಮಯ ಆರೋಗ್ಯ ವಿಮೆ ಸೆರೆಬ್ರಲ್ ಪಾಲ್ಸಿಗೂ ಸಿಗುತ್ತದೆ, 1 ಲಕ್ಷ ರೂಪಾಯಿವರೆಗೆ.

ಮುಂದಿನ ಸಲ ಬಂದಾಗ ಮಂಜುವಿನ ಅಂಗಿಯ ಮೇಲೆ ಸಾರಿನ ಕಲೆ ಇತ್ತು. 'ಗೂಡು ಎಷ್ಟು ಬಿಡಿಸಿದೆ?' ಅಂದೆ. ಅಮ್ಮ ಬಾಯಿ ತೆರೆದವರು ಹಾಗೇ ಸುಮ್ಮನಾದರು.

'ಅರ್ಧ... ಚಂದ್ರಿಕೆ' ಅಂದ ಮಂಜು.