ಬಸ್ ಹತ್ತುವ ಭಯ: ಒಂದೇ ಸ್ಟಾಪಿನಿಂದ ಶುರುಮಾಡಿ

ಪ್ರಶ್ನೆ: ನನಗೆ 34 ವರ್ಷ. ಕಳೆದ ವರ್ಷ ತುಂಬಿದ ಬಸ್ಸಿನಲ್ಲಿ ಇದ್ದಕ್ಕಿದ್ದಂತೆ ಎದೆ ಡವಡವ ಹೊಡೆದುಕೊಂಡು, ಕೈ ಜುಮುಗುಟ್ಟಿ, ಸತ್ತೇಹೋಗುತ್ತೇನೆ ಅನ್ನಿಸಿತು. ಇಸಿಜಿ, ಥೈರಾಯ್ಡ್ ಎಲ್ಲ ಸರಿಯಿದೆ. ಪ್ಯಾನಿಕ್ ಅಂದರು ಡಾಕ್ಟರು. ಆಮೇಲೆ ಬಸ್ ಹತ್ತಿಲ್ಲ, ಕೆಲಸಕ್ಕೆ ಆಟೋ. ದುಡ್ಡು ಸಾಲುತ್ತಿಲ್ಲ. ಧೈರ್ಯಮಾಡಿ ಒಮ್ಮೆ ಹತ್ತಿಬಿಡಲೇ?
– ಓದುಗರು, ಮೈಸೂರು

ಉತ್ತರ: ಬೇಡ. ಹಾಗೆ ಹತ್ತಿ, ತಡೆಯಲಾರದೆ ನಡುದಾರಿಯಲ್ಲಿ ಇಳಿದರೆ ‘ಇಳಿದದ್ದಕ್ಕೇ ಬದುಕಿದೆ’ ಎಂದು ಮನಸ್ಸು ಲೆಕ್ಕಹಾಕುತ್ತದೆ. ಮುಂದಿನ ಸಲ ಭಯ ಇನ್ನೂ ಹೆಚ್ಚು.

ಒಂದು ಹಾಳೆಯಲ್ಲಿ ಎಂಟು-ಹತ್ತು ಮೆಟ್ಟಿಲು ಬರೆದು, ಪ್ರತಿಯೊಂದಕ್ಕೂ 0ಯಿಂದ 100ರೊಳಗೆ ಭಯದ ಅಂಕ ಕೊಡಿ. ಸ್ಟಾಪಿನಲ್ಲಿ 20 ನಿಮಿಷ ಸುಮ್ಮನೆ ನಿಲ್ಲುವುದು 30 ಇರಬಹುದು. ನಿಲ್ದಾಣದಲ್ಲಿ ಹೊರಡಲು ಹೊತ್ತಿರುವ ಖಾಲಿ ಬಸ್ಸಿನಲ್ಲಿ ಕೂತು, ಬಸ್ ಹೊರಡುವ ಮುಂಚೆ ಇಳಿಯುವುದು 40. ಮಧ್ಯಾಹ್ನದ ಹೊತ್ತು ಒಂದು ಸ್ಟಾಪ್, ಆಮೇಲೆ ಮೂರು. ಬೆಳಗಿನ ನೂಕುನುಗ್ಗಲಲ್ಲಿ ನಿಂತು ಹೋಗುವುದು ಕೊನೆಗೆ. 30ರ ಆಸುಪಾಸಿನ ಮೆಟ್ಟಿಲಿಂದ ಶುರುಮಾಡಿ, ವಾರಕ್ಕೆ ನಾಲ್ಕೈದು ದಿನ ಅದನ್ನೇ ಮಾಡಿ. ಅಂಕ ಅರ್ಧಕ್ಕಿಳಿದ ಮೇಲೆ ಮುಂದಿನದು. ನೀವು ಮಹಿಳೆಯಾದರೆ, ಶಕ್ತಿ ಯೋಜನೆಯ ದಯೆಯಿಂದ ಸಾಮಾನ್ಯ ಸರ್ಕಾರಿ ಬಸ್ಸಿನಲ್ಲಿ ಒಂದೇ ಸ್ಟಾಪಿಗೆ ಇಳಿದು ಮತ್ತೆ ಹತ್ತಿದರೂ ಖರ್ಚಿಲ್ಲ. ಗುರುತಿನ ಚೀಟಿ ಇರಲಿ.

ಹತ್ತುವ ಮುಂಚೆ ‘ಏನಾಗಬಹುದು’ ಎಂದು ಒಂದು ಸಾಲು ಬರೆಯಿರಿ, ಇಳಿದ ಮೇಲೆ ‘ಏನಾಯಿತು’ ಎಂದು ಇನ್ನೊಂದು. ನಮ್ಮ ಪ್ರಕಾರ ಇದೇ ಮುಖ್ಯ, ಹೆಚ್ಚಿನವರು ಬಿಟ್ಟುಬಿಡುವುದೂ ಇದನ್ನೇ. ಪ್ಯಾನಿಕ್ ಸಾಮಾನ್ಯವಾಗಿ ಹತ್ತು ನಿಮಿಷದೊಳಗೆ ತುದಿ ಮುಟ್ಟಿ ತಾನಾಗಿ ಇಳಿಯುತ್ತದೆ. ಅದು ಇಳಿಯುವತನಕ ಕೂತಿರುವುದೇ ಅಭ್ಯಾಸ.

ಕೆಲವರಿಗೆ ತಿಂಗಳುಗಟ್ಟಲೆ ಮಾಡಿದರೂ ಭಯ ಇಳಿಯುವುದಿಲ್ಲ. ಅವರ ಬ್ಯಾಗ್ ನೋಡಬೇಕು: ನೀರಿನ ಬಾಟಲಿ, ‘ಇರಲಿ’ ಎಂದಿಟ್ಟ ಮಾತ್ರೆ, ಡಯಲ್ ಮಾಡಲು ಸಿದ್ಧವಾದ ಫೋನು. ಪಾರಾದ ಶ್ರೇಯಸ್ಸೆಲ್ಲ ಇವಕ್ಕೇ ಹೋಗುತ್ತದೆ. ಒಂದೊಂದಾಗಿ ಮನೆಯಲ್ಲಿ ಬಿಡಿ. ಆದರೆ ಡಾಕ್ಟರು ದಿನವೂ ತೆಗೆದುಕೊಳ್ಳಲು ಹೇಳಿದ ಮಾತ್ರೆಯನ್ನು ನೀವಾಗಿ ನಿಲ್ಲಿಸಬೇಡಿ. ಗಾಬರಿಯಾದಾಗ ಜೋರಾಗಿ ಉಸಿರೆಳೆಯಬೇಡಿ. ರಕ್ತದಲ್ಲಿ ಇಂಗಾಲದ ಡೈಆಕ್ಸೈಡ್ ಕಡಿಮೆಯಾಗಿ ಜುಮುಗುಡುವುದು, ತಲೆಸುತ್ತು ಹೆಚ್ಚುತ್ತದೆ. ಖಾಲಿ ಹೊಟ್ಟೆಗೆ ಸ್ಟ್ರಾಂಗ್ ಕಾಫಿಯೂ ಬೇಡ.

ನಡುವೆ ಇಳಿದುಬಿಟ್ಟರೆ? ಅದೇ ದಿನ ಒಂದು ಮೆಟ್ಟಿಲು ಕೆಳಗಿನದನ್ನು ಮಾಡಿ ಮನೆಗೆ ಹೋಗಿ. ಒಂದೆರಡು ತಿಂಗಳಾದರೂ ಮೊದಲ ಮೆಟ್ಟಿಲೇ ದಾಟದಿದ್ದರೆ ಮನೋವೈದ್ಯರನ್ನು ಕಾಣಿ. ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆಮಾಡಿ ಕನ್ನಡದಲ್ಲೇ ಮಾತಾಡಬಹುದು.

ಪ್ರಶ್ನೆ: ನನ್ನ ಹೆಂಡತಿಗೂ ಇದೇ ತೊಂದರೆ. ಜೊತೆಗೆ ನಾನೂ ಹೋಗಲೇ?
– ಓದುಗರು, ಹಾಸನ

ಉತ್ತರ: ಮೊದಲ ಒಂದೆರಡು ಮೆಟ್ಟಿಲಿಗೆ ಹೋಗಿ. ಆಮೇಲೆ ಹಿಂದಿನ ಸೀಟಿನಲ್ಲಿ ಕೂರಿ, ಮುಂದೆ ಅವರು ಇಳಿಯುವ ಸ್ಟಾಪಿನಲ್ಲಿ ಕಾಯಿರಿ, ಕೊನೆಗೆ ಮನೆಯಲ್ಲೇ ಇರಿ. ದಾರಿಯಲ್ಲಿ ಫೋನ್ ಮಾಡಿ ‘ಆರಾಮಿದ್ದೀಯಾ?’ ಎಂದು ಮಾತ್ರ ಕೇಳಬೇಡಿ.