ಡಿಸಿ ರಜೆ ಕೊಟ್ಟ ದಿನ ಮಕ್ಕಳಿಗೆ ಏನು ಕೆಲಸ?

ಪ್ರಶ್ನೆ: ನಮ್ಮದು ಮೂಡಿಗೆರೆ ಹತ್ತಿರ ಒಂದು ಹಳ್ಳಿ. ಜುಲೈ ಬಂತು ಅಂದರೆ ಮೇಲಿಂದ ಮೇಲೆ ಮಳೆ ರಜೆ. ಡಬ್ಬಿ ಕಟ್ಟಿ ಮುಗಿದ ಮೇಲೆ ವಾಟ್ಸಾಪ್ ಗ್ರೂಪಿಗೆ ಡಿಸಿ ಆದೇಶ ಬರುತ್ತದೆ. ಮಗನಿಗೆ 10 ವರ್ಷ, ಮಗಳಿಗೆ 4. ಹೊರಗೆ ಬಿಡುವ ಹಾಗಿಲ್ಲ, ಒಳಗಿದ್ದರೆ ಇಬ್ಬರಿಗೂ ಜಗಳ. ಮೊಬೈಲ್ ಕೊಟ್ಟರೆ ಮಾತ್ರ ಸುಮ್ಮನಿರುತ್ತಾರೆ. ಕರೆಂಟ್ ಹೋಗಿ ಚಾರ್ಜ್ ಮುಗಿದರೆ ಆಮೇಲೆ ನನ್ನ ಗತಿ ಕೇಳಬೇಡಿ. 'ನಮ್ಮ ಮಕ್ಕಳು ಹೀಗಿರಲಿಲ್ಲ' ಅಂತ ಅತ್ತೆ ಬೇರೆ ಹೇಳುತ್ತಾರೆ. ಏನು ಮಾಡಲಿ?
— ಒಬ್ಬ ತಾಯಿ, ಮೂಡಿಗೆರೆ ತಾಲ್ಲೂಕು

ಉತ್ತರ: ತಂಗಿ, ಮೊದಲು ಒಂದು ಮಾತು. ಇದರಲ್ಲಿ ನಿಮ್ಮ ತಪ್ಪೇನೂ ಇಲ್ಲ. ಕಡೂರು, ತರೀಕೆರೆ ಕಡೆ ಮಕ್ಕಳು ಶಾಲೆಗೆ ಹೋಗುತ್ತಿರುವಾಗ ನಿಮ್ಮ ಕಡೆ ಮಾತ್ರ ಬಾಗಿಲು ಹಾಕಿಕೊಂಡು ಕೂರಬೇಕು, ಅದೂ ಪುನರ್ವಸು, ಪುಷ್ಯ ಮಳೆ ಹಿಡಿದರೆ ದಿನಗಟ್ಟಲೆ. ದೊಡ್ಡವರಿಗೇ ತಲೆ ಕೆಡುತ್ತದೆ, ಮಕ್ಕಳಿಗೆ ಕೆಡದೆ ಇರುತ್ತದಾ?

ನಾನು ಬಹಳ ವರ್ಷ ಮಲೆನಾಡಿನ ಪ್ರೈಮರಿ ಶಾಲೆಗಳಲ್ಲಿ ಪಾಠ ಹೇಳಿದವಳು. ಮಳೆ ರಜೆ ಮುಗಿಸಿ ಬಂದ ಮಕ್ಕಳನ್ನು 'ಮನೇಲಿ ಏನ್ ಮಾಡಿದ್ರಿ' ಎಂದು ಕೇಳುತ್ತಿದ್ದೆ. ಟಿವಿ ನೋಡಿದವರು 'ಟಿವಿ ನೋಡಿದ್ವಿ ಮಿಸ್' ಅಂದು ಕೂತುಬಿಡುತ್ತಿದ್ದರು. ಅಪ್ಪನ ಜೊತೆ ಗದ್ದೆಯಲ್ಲಿ ಏಡಿ ಹಿಡಿದವನು, ಅಜ್ಜಿ ಜೊತೆ ಬಚ್ಚಲ ಒಲೆಯಲ್ಲಿ ಹಲಸಿನ ಬೀಜ ಸುಟ್ಟವಳು, ಕೊಟ್ಟಿಗೆಯಲ್ಲಿ ಕರು ಹಾಕಿದ್ದನ್ನು ಮೊದಲು ನೋಡಿ ಓಡಿ ಬಂದು ಹೇಳಿದವನು, ಇವರ ಮಾತು ಬೆಲ್ ಹೊಡೆದರೂ ಮುಗಿಯುತ್ತಿರಲಿಲ್ಲ. ಮನೆಯವರಿಗೆ ಬೇಕಾದ ಒಂದು ಕೆಲಸ 'ಇದು ನಂದು' ಅಂತ ಸಿಕ್ಕಿದರೆ ಮಗು ತಾನಾಗಿಯೇ ಕೂರುತ್ತದೆ.

ಮಗನಿಗೆ ಮಳೆ ಅಳೆಯುವ ಕೆಲಸ ಕೊಡಿ. ನಿಮ್ಮ ಕಡೆ ಇಬ್ಬರು ಎದುರಾದರೆ ಮೊದಲ ಮಾತೇ 'ನಿಮ್ಮಲ್ಲಿ ಎಷ್ಟು ಇಂಚು ಬಂತು?' ಅಲ್ವಾ? ಆ ಲೆಕ್ಕ ನಿಮ್ಮ ಮನೆಯಲ್ಲಿ ಇವನದ್ದಾಗಲಿ. 2 ಲೀಟರಿನ ಪ್ಲಾಸ್ಟಿಕ್ ಬಾಟಲಿ, ನಡುಭಾಗ ನೆಟ್ಟಗಿರುವಂಥದ್ದು, ತೆಗೆದುಕೊಳ್ಳಿ. ಕತ್ತಿನ ಕೆಳಗೆ, ಇಳಿಜಾರು ಮುಗಿಯುವಲ್ಲಿ ನೀವೇ ಕತ್ತರಿಸಿ ಕೊಡಿ. ಕತ್ತರಿಸಿದ ಮೇಲ್ಭಾಗದ ಮುಚ್ಚಳ ತೆಗೆದು ತಲೆಕೆಳಗು ಮಾಡಿ ಬಾಟಲಿಗೇ ಕೂರಿಸಿದರೆ ಆಲಿಕೆ ಆಯಿತು. ತಳ ಉಬ್ಬುತಗ್ಗು ಇರುವುದರಿಂದ ಸ್ವಲ್ಪ ಕಲ್ಲು ಹಾಕಿ, ಬಾಟಲಿ ನೆಟ್ಟಗಾಗುವ ಮಟ್ಟದವರೆಗೆ ನೀರು ತುಂಬಿಸಿ, ಅಲ್ಲಿ ಗೆರೆ ಎಳೆದು ಸೊನ್ನೆ ಅಂತ ಬರೆಯಲಿ. ಸೊನ್ನೆಯಿಂದ ಮೇಲಕ್ಕೆ ಒಂದು ಸ್ಕೇಲ್ ಅಂಟಿಸಿ. ಸೂರಿನ ನೀರು, ಮರದ ಹನಿ ಬೀಳದ ಬಯಲಲ್ಲಿ, ಗಾಳಿಗೆ ಬೀಳದ ಹಾಗೆ ಇಟ್ಟಿಗೆಗಳ ಮಧ್ಯೆ ಇಡಬೇಕು.

ಹವಾಮಾನ ಇಲಾಖೆಯವರು ಬೆಳಿಗ್ಗೆ 8.30ಕ್ಕೆ ಹಿಂದಿನ 24 ಗಂಟೆಯ ಮಳೆ ಲೆಕ್ಕ ತೆಗೆಯುತ್ತಾರೆ. ಇವನೂ ಅದೇ ಹೊತ್ತಿಗೆ ನೋಡಿ, ಬರೆದು, ನೀರನ್ನು ಮತ್ತೆ ಸೊನ್ನೆಗೆ ಇಳಿಸಲಿ. ಒಂದು ಇಂಚು ಅಂದರೆ 25.4 ಮಿಲಿಮೀಟರ್. ಇಲಾಖೆ ಲೆಕ್ಕದಲ್ಲಿ ದಿನಕ್ಕೆ 64.5 ಮಿ.ಮೀ. ಮುಟ್ಟಿದರೆ ಭಾರಿ ಮಳೆ, 115.6 ಮುಟ್ಟಿದರೆ ಅತಿ ಭಾರಿ. ಒಂದು ದಿನ 4 ಇಂಚು ಬಿತ್ತು ಅನ್ನಿ, ಅದು ಎಷ್ಟು ಮಿಲಿಮೀಟರ್, ಯಾವ ಲೆಕ್ಕಕ್ಕೆ ಸೇರಿತು ಅಂತ ಅವನೇ ಗುಣಿಸಿ ಹೇಳಲಿ. ದಶಾಂಶದ ಪಾಠ ಹೀಗೆ ತಲೆಗೆ ಹೋದಷ್ಟು ಬೋರ್ಡಿನ ಮೇಲೆ ಹೋಗಿದ್ದನ್ನು ನಾನಂತೂ ಕಂಡಿಲ್ಲ. ಆದರೆ ಇದು ಸುಮ್ನೆ ಹೊತ್ತು ಕಳೆಯುವ ಆಟ ಆಗಬಾರದು. ಅವರಪ್ಪ ಕಾಫಿ ಕುಡಿಯುವಾಗ 'ಎಷ್ಟು ಇಂಚು ಮಗಾ?' ಎಂದು ಅವನನ್ನೇ ಕೇಳಬೇಕು, ಪಕ್ಕದ ಮನೆಯವರು ಫೋನ್ ಮಾಡಿದಾಗಲೂ ಅವನ ಕೈಗೇ ಕೊಡಬೇಕು. ಇದಿಷ್ಟನ್ನು ಮರೆಯಬೇಡಿ.

ಮಗಳನ್ನು ಅತ್ತೆಗೆ ಒಪ್ಪಿಸಿ. 'ನಮ್ಮ ಮಕ್ಕಳು ಹೀಗಿರಲಿಲ್ಲ' ಅನ್ನುವವರಿಗೆ ಚೌಕಾಬಾರ ಖಂಡಿತ ಬರುತ್ತದೆ. ಬೇಜಾರು ಮಾಡಿಕೊಳ್ಳದೆ 'ಅತ್ತೆ, ಮಕ್ಕಳಿಗೂ ಕಲಿಸಿ' ಅನ್ನಿ. ಸೀಮೆಸುಣ್ಣದಲ್ಲಿ 25 ಮನೆ ಬರೆದರೆ ಆಯಿತು. ಕವಡೆ ಇಲ್ಲದಿದ್ದರೆ 4 ಹುಣಸೆಬೀಜವನ್ನು ಕಲ್ಲಿಗೆ ಉಜ್ಜಿ ಒಂದು ಮಗ್ಗುಲು ಬಿಳಿ ಮಾಡಿಕೊಳ್ಳಿ. ಉಜ್ಜುವುದರಲ್ಲೇ ಅರ್ಧ ಬೆಳಿಗ್ಗೆ ಹೋಗುತ್ತದೆ! ನಾಲ್ಕೂ ಬಿಳಿ ಬಿದ್ದರೆ ಚೌಕ, ನಾಲ್ಕೂ ಕಪ್ಪು ಬಿದ್ದರೆ ಬಾರ, ಅಂದರೆ 8. ಎಷ್ಟು ಬಿಳಿ ಬಿತ್ತು ಅಂತ ಎಣಿಸುವ ಕೆಲಸ ಚಿಕ್ಕವಳದ್ದು. ಬೀಜ ಬಾಯಿಗೆ ಹಾಕಿಕೊಳ್ಳದ ಹಾಗೆ ಒಂದು ಕಣ್ಣಿಟ್ಟಿರಿ.

ಮೊಬೈಲ್ ಪೂರ್ತಿ ನಿಲ್ಲಿಸಿ ಅಂತ ನಾನು ಹೇಳುವುದಿಲ್ಲ. ನಿಮಗೂ ಅಡಿಗೆ ಇದೆ, ಕೊಟ್ಟಿಗೆ ಇದೆ. 4 ವರ್ಷದ ಮಕ್ಕಳಿಗೆ ದಿನಕ್ಕೆ 1 ಗಂಟೆ ಮೀರಬಾರದು ಅಂತ ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಹೇಳಿದೆ, ಇನ್ನೂ ಕಡಿಮೆ ಆದರೆ ಒಳ್ಳೆಯದು. ಬೆಳಿಗ್ಗೆ ಮಾತ್ರ ಕೊಡಬೇಡಿ. ಬೆಳಿಗ್ಗೆ ಹಿಡಿದ ಮಗು ಇಡೀ ದಿನ ಅದನ್ನೇ ಕೇಳುತ್ತದೆ.

ಮಳೆ ಬಿಟ್ಟಾಗ ಅಂಗಳಕ್ಕೆ ಬಿಡಿ, ಒದ್ದೆಯಾದರೆ ಬಟ್ಟೆ ಬದಲಾಯಿಸಿದರೆ ಆಯಿತು, ಇಂಬಳ ಹತ್ತಿದರೆ ಉಪ್ಪು ಇದೆ. ಹಳ್ಳ, ಕೆರೆ, ಕೃಷಿ ಹೊಂಡದ ಹತ್ತಿರ ಮಾತ್ರ ದೊಡ್ಡವರಿಲ್ಲದೆ ಬೇಡವೇ ಬೇಡ. ಹೊಂಡಕ್ಕೆ ಹಾಸಿದ ಪ್ಲಾಸ್ಟಿಕ್ ಶೀಟ್ ಜಾರುತ್ತದೆ, ಈಜು ಬಂದರೂ ಹತ್ತಲು ಆಗುವುದಿಲ್ಲ. ತಂತಿ ಬಿದ್ದಿದ್ದು ಕಂಡರೆ ಹತ್ತಿರ ಹೋಗದೆ ಮನೆಗೆ ಬಂದು ಹೇಳಬೇಕು ಅಂತ ಮಗನಿಗೆ ಇವತ್ತೇ ಹೇಳಿಕೊಡಿ. ನೀವು 1912ಕ್ಕೆ ಫೋನ್ ಮಾಡಿ.

ಪ್ರಶ್ನೆ: ದಸರಾ ರಜೆಯಲ್ಲಿ 12 ವರ್ಷದ ಮಗಳನ್ನು ಬೇಲೂರು, ಹಳೇಬೀಡಿಗೆ ಕರೆದುಕೊಂಡು ಹೋಗೋಣ ಅಂದರೆ 'ಬರೀ ಕಲ್ಲು, ಬೋರ್' ಅನ್ನುತ್ತಾಳೆ.
— ಒಬ್ಬ ತಂದೆ, ಹಾಸನ

ಉತ್ತರ: ಎರಡನ್ನೂ ಒಂದೇ ದಿನ ತೋರಿಸಲು ಹೋಗಬೇಡಿ. ಬೇಲೂರು ಒಂದೇ ಸಾಕು. ಹುಡುಕಲು ಏನಾದರೂ ಕೊಟ್ಟು ಕರೆದುಕೊಂಡು ಹೋಗಿ. ಅಲ್ಲಿನ ಶಿಲ್ಪಿಗಳು ಎಷ್ಟೋ ವಿಗ್ರಹಗಳ ಕೆಳಗೆ ತಮ್ಮ ಹೆಸರನ್ನು ಹಳಗನ್ನಡ ಅಕ್ಷರದಲ್ಲಿ ಕೆತ್ತಿದ್ದಾರೆ. ಬಳ್ಳಿಗಾವೆಯ ದಾಸೋಜ ಮತ್ತು ಅವನ ಮಗ ಚಾವಣ, ಅಪ್ಪ ಮಗ ಇಬ್ಬರೂ ಅಲ್ಲಿ ಕೆಲಸ ಮಾಡಿದವರು. ಆ ಅಕ್ಷರಗಳಲ್ಲಿ ಯಾವುದು ಈಗಿನ ಕನ್ನಡದ ಹಾಗೆ ಕಾಣುತ್ತದೆ ಅಂತ ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳಲಿ. 1117ರಲ್ಲಿ ವಿಷ್ಣುವರ್ಧನ ಕಟ್ಟಿಸಿದ ಗುಡಿ ಇದು, ಅಂದರೆ 900 ವರ್ಷದ ಹಿಂದಿನ ಕೈಬರಹ. ಕಲ್ಲು ಯಾವುದು ಅಂತಲೂ ಕೇಳಿ. ಬಳಪದ ಕಲ್ಲು! ಚಿಕ್ಕವಳಿದ್ದಾಗ ಸ್ಲೇಟಿನ ಮೇಲೆ ಬರೆದಿದ್ದರೆ ತಟ್ಟನೆ ಅರ್ಥವಾಗುತ್ತದೆ. ಗಣಿಯಿಂದ ತೆಗೆದಾಗ ಮೆತ್ತಗಿರುತ್ತದೆ, ಗಾಳಿಗೆ ಗಟ್ಟಿಯಾಗುತ್ತದೆ, ಅದಕ್ಕೇ ಮದನಿಕೆಯ ಬಳೆಯನ್ನೂ ಅಷ್ಟು ನಾಜೂಕಾಗಿ ಕೆತ್ತಲು ಆಯಿತು. ಹಳೇಬೀಡಿಗೆ ಹೋಗುವುದು ಯಾವಾಗ ಅಂತ ಆಮೇಲೆ ಅವಳೇ ಹೇಳಲಿ, ನೀವು ಒತ್ತಾಯ ಮಾಡಬೇಡಿ.

ಪ್ರಶ್ನೆ: ರಜೆ ಬಂದರೆ 8 ವರ್ಷದ ಮೊಮ್ಮಗ ಅಡಿಗೆಮನೆ ಬಿಟ್ಟು ಕದಲುವುದಿಲ್ಲ. ಗಂಡುಹುಡುಗನಿಗೆ ಇದೆಲ್ಲ ಯಾಕೆ ಅಂತ ಮನೆಯಲ್ಲಿ ಗೊಣಗುತ್ತಾರೆ.
— ಒಬ್ಬ ಅಜ್ಜಿ, ಅರಸೀಕೆರೆ

ಉತ್ತರ: ಗೊಣಗಲಿ ಬಿಡಿ ಅಮ್ಮ. ನಾಳೆ ಓದಲು ಊರು ಬಿಟ್ಟು ರೂಮಿನಲ್ಲಿ ಇರಬೇಕಾದಾಗ ಅವನೇ ನಿಮ್ಮನ್ನು ನೆನೆಸಿಕೊಳ್ಳುತ್ತಾನೆ. ಒಲೆ, ಕುಕ್ಕರ್, ಚಾಕು ಸದ್ಯಕ್ಕೆ ದೂರ ಇರಲಿ. ಬೆಳ್ಳುಳ್ಳಿ ಬಿಡಿಸಲಿ, ರಾಗಿ ಹಿಟ್ಟು ಕಲಸಲಿ. ಅವರೆಕಾಯಿ ಕಾಲದಲ್ಲಿ ರಾತ್ರಿ ನೆನೆಹಾಕಿದ ಕಾಳನ್ನು ಬೆಳಿಗ್ಗೆ ಮುಂದಿಡಿ. ಎರಡು ಬೆರಳಲ್ಲಿ ಹಿದುಕಿದರೆ ಬೇಳೆ ಪಟ್ ಅಂತ ಹಾರುತ್ತದಲ್ಲ, ಆ ಖುಷಿಗೆ ಒಂದು ಸೇರು ಮುಗಿಸಿಬಿಡುತ್ತಾನೆ. ಊಟ ಆದ ಮೇಲೆ ತನ್ನ ತಟ್ಟೆ ತಾನೇ ತೊಳೆಯುವುದನ್ನೂ ಅವತ್ತೇ ಶುರು ಮಾಡಿಸಿ.