ಮೂರು ವರದಿ ಹಿಡಿದು ಬಂದ ಹುಡುಗಿ

ವೃತ್ತಿ ಸಲಹೆ ಕೇಳಿ ನನ್ನ ಬಳಿ ಬಂದ ಒಬ್ಬ ವಿದ್ಯಾರ್ಥಿನಿಯ ಕಥೆಯಿದು. ಗುರುತು ಸಿಗದಂತೆ ವಿವರಗಳನ್ನು ಬದಲಿಸಿದ್ದೇನೆ. ಬರೆಯಲು ಅವಳ ಒಪ್ಪಿಗೆಯಿದೆ.

ಕುರ್ಚಿಯಲ್ಲಿ ಸರಿಯಾಗಿ ಕೂರುವ ಮೊದಲೇ ಅವಳು ಫೈಲು ತೆರೆದು ನನ್ನ ಮೇಜಿನ ಮೇಲಿಟ್ಟಳು. ಒಳಗೆ ವೃತ್ತಿ ಆಸಕ್ತಿ ಪರೀಕ್ಷೆಗಳ ಮೂರು ವರದಿ. ಒಂದು ಅವಳಿಗೆ ಸಂಶೋಧನೆ ಹೊಂದುತ್ತದೆ ಎನ್ನುತ್ತಿತ್ತು, ಇನ್ನೊಂದು ಸಮಾಜಸೇವೆ, ಮೂರನೆಯದು ವಿನ್ಯಾಸ. "ಮೂರೂ ಮೂರು ಥರ ಹೇಳ್ತಿವೆ ಮೇಡಂ. ನೀವು ಇನ್ನೊಂದು ಟೆಸ್ಟ್ ಕೊಡಿ. ಯಾವುದು ಎರಡು ಸಲ ಬರುತ್ತೋ ಅದನ್ನೇ ತಗೊಂಡುಬಿಡ್ತೀನಿ" ಎಂದಳು.

ಇಪ್ಪತ್ತರ ವಯಸ್ಸು. ಜೀವವಿಜ್ಞಾನದ ಪದವಿ, ಕೊನೆಯ ವರ್ಷಕ್ಕೆ ಕಾಲಿಡುವ ಹೊತ್ತು. ಅಂಕಗಳು ಚೆನ್ನಾಗಿದ್ದವು. ತರಗತಿಯ ಉಳಿದವರೆಲ್ಲ ಮುಂದೇನೆಂದು ನಿರ್ಧರಿಸಿಯಾಗಿದೆ, ತಾನೊಬ್ಬಳೇ ಹಿಂದುಳಿದಿದ್ದೇನೆ ಎಂಬ ಭಾವನೆ ಅವಳನ್ನು ಕೊರೆಯುತ್ತಿತ್ತು. (ಇದೇ ಮಾತನ್ನು ಒಂದೇ ತರಗತಿಯ ನಾಲ್ವರು ಒಬ್ಬೊಬ್ಬರಾಗಿ ಬಂದು ನನ್ನೆದುರು ಹೇಳಿದ್ದುಂಟು.)

ಪರೀಕ್ಷೆಯ ಮಾತನ್ನು ಬದಿಗಿಟ್ಟು ಮೊದಲ ದಿನ ನಾನು ಕೇಳಿದ್ದು ನಿದ್ದೆ, ಹಸಿವು, ಗೆಳೆತನಗಳ ಬಗ್ಗೆ. ಯಾವುದರಲ್ಲೂ ಮನಸ್ಸು ನಿಲ್ಲದೆ ಹೋದರೆ, ಮೊದಲು ಖುಷಿ ಕೊಡುತ್ತಿದ್ದದ್ದೂ ಸಪ್ಪೆಯಾಗಿದ್ದರೆ, ಅದು ವೃತ್ತಿಯ ಸಮಸ್ಯೆಯಲ್ಲ. ಖಿನ್ನತೆ ಇದ್ದೀತು, ಅದನ್ನು ಮೊದಲು ನೋಡಬೇಕು. ಅವಳಲ್ಲಿ ಅಂಥದ್ದೇನೂ ಕಾಣಲಿಲ್ಲ. ಆಮೇಲೆ, ಉಳಿದ ವಿಷಯಗಳಲ್ಲಿ ಹೇಗೆ ತೀರ್ಮಾನ ಮಾಡುತ್ತೀಯ ಎಂದು ಕೇಳಿದೆ. ಐಚ್ಛಿಕ ವಿಷಯವನ್ನು ಒಂದೇ ದಿನದಲ್ಲಿ ಆರಿಸಿದ್ದಳು. ಹಾಸ್ಟೆಲಿನ ಕೋಣೆ ಬದಲಿಸುವುದಕ್ಕೂ ತಡವರಿಸಿರಲಿಲ್ಲ. ಏನನ್ನು ಆರಿಸಬೇಕೆಂದು ತಿಳಿಯದವರು ಬೇರೆ, ಏನನ್ನೂ ಆರಿಸಲಾರದವರು ಬೇರೆ. ಎರಡನೆಯವರಿಗೆ ತಿಂಗಳುಗಟ್ಟಲೆ ಬೇರೆಯದೇ ಕೆಲಸ ಬೇಕಾಗುತ್ತದೆ. ಇವಳು ಮೊದಲನೆಯ ಗುಂಪಿನವಳು.

ಎರಡನೇ ಭೇಟಿಯಲ್ಲಿ ನಾನು ಎಡವಿದೆ. ಮನಶ್ಶಾಸ್ತ್ರಜ್ಞ ಇತಮಾರ್ ಗಾಟಿ ಮತ್ತು ಸಂಗಡಿಗರು 1996ರಲ್ಲಿ ವೃತ್ತಿ ನಿರ್ಧಾರದ ತೊಡಕುಗಳನ್ನು ಮೂರು ಗುಂಪು ಮಾಡಿದ್ದರು: ನಿರ್ಧಾರಕ್ಕೆ ಮನಸ್ಸು ಸಿದ್ಧವಾಗಿಲ್ಲದಿರುವುದು, ಮಾಹಿತಿ ಸಾಲದಿರುವುದು, ಇರುವ ಮಾಹಿತಿ ಒಂದಕ್ಕೊಂದು ತಾಳೆಯಾಗದಿರುವುದು. ಇವಳದು ಮಾಹಿತಿಯ ಕೊರತೆ ಎಂದುಕೊಂಡು, ಅವಳ ಪದವಿಯಿಂದ ಹೋಗಬಹುದಾದ ಹನ್ನೆರಡು ದಾರಿಗಳ ಪಟ್ಟಿ ಕೊಟ್ಟೆ, ಓದಿಕೊಂಡು ಬಾ ಎಂದೆ. ಮುಂದಿನ ವಾರ ಹದಿನೈದು ಕಾಲಂಗಳ ಕೋಷ್ಟಕ ತಂದಳು. ಸಂಬಳ, ಕೋರ್ಸಿನ ಅವಧಿ, ಪ್ರವೇಶದ ನಿಯಮ, ಪೈಪೋಟಿ, ಎಲ್ಲ ತುಂಬಿತ್ತು. ಅವಳ ಮುಖ ಮಾತ್ರ ಮೊದಲಿಗಿಂತ ಬಾಡಿತ್ತು. ಪಟ್ಟಿ ಕೊಟ್ಟು ನಾನು ಅವಳ ಭಾರವನ್ನೇ ಹೆಚ್ಚಿಸಿದ್ದೆ. ಕೋಷ್ಟಕ ತುಂಬುವಷ್ಟು ದಿನ ಒಂದು ಹೆಜ್ಜೆಯನ್ನೂ ಇಡಬೇಕಾಗಿರಲಿಲ್ಲವಲ್ಲ!

ಆಗ ಆ ಮೂರು ವರದಿಗಳಿಗೆ ಮರಳಿದೆವು. ಅಂಥ ಪರೀಕ್ಷೆಗಳಲ್ಲಿ ಬಹುಪಾಲು ಮನಶ್ಶಾಸ್ತ್ರಜ್ಞ ಜಾನ್ ಹಾಲೆಂಡ್ 1959ರಲ್ಲಿ ಮುಂದಿಟ್ಟ ವಿಚಾರದ ಮೇಲೆ ನಿಂತಿವೆ. ಆಸಕ್ತಿಗಳನ್ನು ಅವು ಆರು ಬಗೆಯಾಗಿ ನೋಡುತ್ತವೆ: ಯಂತ್ರ ಮತ್ತು ಕೈಕೆಲಸ, ಶೋಧನೆ, ಕಲೆ, ಜನರ ಒಡನಾಟ, ಉದ್ಯಮ, ಲೆಕ್ಕಪತ್ರದ ವ್ಯವಸ್ಥೆ. ಇವಳ ಅಂಕಗಳು ಆರರಲ್ಲೂ ಹೆಚ್ಚುಕಡಿಮೆ ಒಂದೇ ಮಟ್ಟದಲ್ಲಿದ್ದವು, ಅದೂ ನಡುಮಟ್ಟಕ್ಕಿಂತ ಕೊಂಚ ಕೆಳಗೆ. ಒಂದೆರಡು ಅಂಕದ ವ್ಯತ್ಯಾಸಕ್ಕೇ ಮೊದಲ ಸ್ಥಾನ ಬದಲಾಗುತ್ತಿತ್ತು. ವರದಿಗಳು ಬೇರೆ ಬೇರೆ ಹೇಳಿದ್ದು ಅದಕ್ಕೇ. ಅವು ಸುಳ್ಳು ಹೇಳಿರಲಿಲ್ಲ, ಹೇಳುವುದಕ್ಕೆ ಅವುಗಳ ಬಳಿ ಏನೂ ಇರಲಿಲ್ಲ.

ಒಂದು ವರದಿಯ ಪ್ರಶ್ನೆಗಳು ಅವಳ ಬಳಿ ಇದ್ದವು. ಒಟ್ಟು ಅರವತ್ತು. ಒಂದೊಂದನ್ನೂ ಓದಿ, "ಇದನ್ನ ಯಾವತ್ತಾದರೂ ಮಾಡಿದ್ದೀಯಾ?" ಎಂದು ಕೇಳುತ್ತಾ ಹೋದೆ. ಕೆಟ್ಟ ಯಂತ್ರ ಬಿಚ್ಚಿದ್ದೀಯಾ? ಜನರ ಮುಂದೆ ನಿಂತು ಒಂದು ವಸ್ತು ಮಾರಿದ್ದೀಯಾ? ಅಳುತ್ತಿರುವ ಮಗುವಿಗೆ ಪಾಠ ಹೇಳಿದ್ದೀಯಾ? ಅರವತ್ತರಲ್ಲಿ ಅವಳು ಕೈಯಾರೆ ಮಾಡಿದ್ದು ಹನ್ನೊಂದು. ಉಳಿದ ನಲವತ್ತೊಂಬತ್ತಕ್ಕೆ ಅವಳು ಕೊಟ್ಟಿದ್ದು ಊಹೆಯ ಉತ್ತರ.

ಲೆಂಟ್, ಬ್ರೌನ್, ಹ್ಯಾಕೆಟ್ ಎಂಬ ಮೂವರು ಮನಶ್ಶಾಸ್ತ್ರಜ್ಞರು 1994ರಲ್ಲಿ ಮಂಡಿಸಿದ ಸಿದ್ಧಾಂತ ನನ್ನ ಕೆಲಸಕ್ಕೆ ಊರುಗೋಲಾದದ್ದು ಇಂಥ ಕಡೆಯೇ. 'ಇದು ನನ್ನಿಂದ ಆಗುತ್ತದೆ' ಎಂಬ ನಂಬಿಕೆಯಿಂದಲೂ 'ಮಾಡಿದರೆ ಒಳ್ಳೆಯದಾದೀತು' ಎಂಬ ನಿರೀಕ್ಷೆಯಿಂದಲೂ ಆಸಕ್ತಿ ಬೆಳೆಯುತ್ತದೆ, ಆ ಎರಡಕ್ಕೂ ಮೂಲ ಕಲಿಕೆಯ ಅನುಭವ ಎನ್ನುತ್ತಾರೆ ಅವರು. ಮಾಡಿ ನೋಡದೆ ಆಸಕ್ತಿಯನ್ನು ಒಳಗೆ ತಡಕಾಡಿದರೆ ಕೈಗೆ ಏನು ಸಿಕ್ಕೀತು? ಕಾಲೇಜಿನ ಮಕ್ಕಳಿಗೆ 'ನಿನ್ನ ಒಲವು ಯಾವುದು' ಎಂದು ಕೇಳಿ ಕೇಳಿ ನಾವೇ ಅವರನ್ನು ಬೆದರಿಸಿದ್ದೇವೆ. ಹುಟ್ಟುವಾಗಲೇ ಒಳಗೊಂದು ಉತ್ತರ ಬರೆದಿಟ್ಟಿದೆ, ತನಗೆ ಮಾತ್ರ ಅದನ್ನು ಓದಲು ಬರುತ್ತಿಲ್ಲ ಎಂದು ಅವರು ನಂಬಿಬಿಡುತ್ತಾರೆ.

ಹನ್ನೊಂದರಲ್ಲಿ ಒಂದನ್ನು ಹಿಡಿದುಕೊಂಡೆವು. ಹೊತ್ತು ಹೋದದ್ದೇ ಗೊತ್ತಾಗದಂತೆ ಮಾಡಿದ ಕೆಲಸ ಯಾವುದಾದರೂ ಇದೆಯೇ ಎಂದಾಗ ಬಹಳ ಹೊತ್ತು ಸುಮ್ಮನಿದ್ದಳು. ಪ್ರಯೋಗಾಲಯದ ಸೂಚನೆ ಹಾಳೆಗಳು ಕಿರಿಯ ವಿದ್ಯಾರ್ಥಿಗಳಿಗೆ ಅರ್ಥವಾಗುತ್ತಿರಲಿಲ್ಲವಂತೆ. ಎರಡು ರಾತ್ರಿ ಕೂತು ಅವನ್ನೆಲ್ಲ ಚಿತ್ರಗಳಲ್ಲಿ ಬರೆದುಕೊಟ್ಟಿದ್ದಳು. "ಅದೇನು ದೊಡ್ಡದಲ್ಲ ಬಿಡಿ ಮೇಡಂ, ಯಾರೂ ಹೇಳಿರಲಿಲ್ಲ, ಸುಮ್ಮನೆ ಮಾಡಿದೆ." ಯಾರೂ ಹೇಳದೆ ಎರಡು ರಾತ್ರಿ! ನನಗೆ ಮೂರು ವರದಿಗಳಿಗಿಂತ ಆ ಹಾಳೆಗಳೇ ಹೆಚ್ಚು ಹೇಳಿದವು. ತಂದು ತೋರಿಸು ಎಂದೆ. ಯಾವ ಹಂತದಲ್ಲಿ ಕೈ ತಪ್ಪುತ್ತದೆಂದು ಊಹಿಸಿ ಅಲ್ಲೇ ದೊಡ್ಡ ಚಿತ್ರ ಹಾಕಿದ್ದಳು. ಓದುವವನ ಜಾಗದಲ್ಲಿ ನಿಂತು ಯೋಚಿಸಬಲ್ಲವಳು ಮಾಡುವ ಕೆಲಸ ಅದು.

ಅಲ್ಲಿಂದ ಮುಂದೆ ನಾನು ಕೊಟ್ಟ ಸಲಹೆ ಹೀಗಿತ್ತು. ಜೀವನಪೂರ್ತಿಯ ಪ್ರಶ್ನೆಯನ್ನು ಎಂಟು ವಾರ ಎತ್ತಿಡು. ಕಷ್ಟದ ವಿಷಯವನ್ನು ಇನ್ನೊಬ್ಬರಿಗೆ ತಿಳಿಯುವಂತೆ ಮಾಡುವ ಕೆಲಸಗಳಲ್ಲಿ ಮೂರನ್ನು ಮಾತ್ರ ಮುಟ್ಟಿ ನೋಡು: ಪಾಠ ಹೇಳುವುದು, ವಿಜ್ಞಾನದ ಚಿತ್ರ ಬರೆಯುವುದು, ರೋಗಿಗಳಿಗಾಗಿ ಆರೋಗ್ಯ ಮಾಹಿತಿ ಸಿದ್ಧಪಡಿಸುವುದು. ಪ್ರತಿಯೊಂದರಲ್ಲೂ ಕೆಲಸದಲ್ಲಿರುವ ಒಬ್ಬರನ್ನಾದರೂ ಭೇಟಿ ಮಾಡು, ಆಮೇಲೆ ಅದೇ ಬಗೆಯ ಸಣ್ಣ ಕೆಲಸವೊಂದನ್ನು ನೀನೇ ಮಾಡಿ ಮುಗಿಸು. ಭೇಟಿಯಲ್ಲಿ 'ನಿಮ್ಮ ಕೆಲಸ ಹೇಗಿದೆ' ಎಂದು ಕೇಳಬೇಡ. ಚೆನ್ನಾಗಿದೆ ಎಂದೋ ಸಾಕಾಗಿದೆ ಎಂದೋ ಹೇಳಿ ಮುಗಿಸುತ್ತಾರೆ. 'ಹೋದ ಮಂಗಳವಾರ ಬೆಳಗ್ಗೆಯಿಂದ ಸಂಜೆವರೆಗೆ ಏನೇನು ಮಾಡಿದಿರಿ' ಎಂದು ಕೇಳು. ಪ್ರತಿ ಪ್ರಯತ್ನದ ದಿನ ರಾತ್ರಿ ಎರಡು ಸಾಲು ಬರೆ: ಯಾವಾಗ ಗಡಿಯಾರ ನೋಡಿದೆ, ಯಾವಾಗ ನೋಡಲಿಲ್ಲ.

"ಅಪ್ಪ ಒಪ್ಪಲ್ಲ" ಎಂಬ ಮಾತು ಬಂದದ್ದು ಆಗಲೇ. ಅವರಿಗೆ ಮಗಳು ಸಂಶೋಧನೆಗೆ ಹೋಗಬೇಕೆಂಬ ಆಸೆ. ಕೇಳಿದ್ದೀಯಾ ಎಂದೆ. ಕೇಳಿರಲಿಲ್ಲ. ನಾನೇ ಫೋನು ಮಾಡಿ ಮಾತಾಡಲೆಂದು ಅವಳು ಬಯಸಿದ್ದಳು, ನಾನು ಮಾಡಲಿಲ್ಲ. ಸಲಹೆಗಾರರು ಮನೆಯವರೊಡನೆ ವಾದಕ್ಕಿಳಿದರೆ ಮಕ್ಕಳು ಪ್ರೇಕ್ಷಕರಾಗಿ ಉಳಿಯುತ್ತಾರೆ. ಬದಲಿಗೆ ನಾನು ಅಪ್ಪನ ಪಾತ್ರ ಹಿಡಿದೆ, ಎರಡು ಸಲ ಮಾತಿನ ಅಭ್ಯಾಸ ಮಾಡಿದೆವು. ತೀರ್ಮಾನ ತಿಳಿಸುವ ಧಾಟಿಯಲ್ಲಿ ಹೋಗಬೇಡ, 'ಎರಡು ತಿಂಗಳು ನೋಡ್ತೀನಿ ಅಪ್ಪ' ಎಂದಷ್ಟೇ ಹೇಳು ಎಂದೆ. ಮನೆಯಲ್ಲಿ ಜಗಳವಾಗಲಿಲ್ಲ. ಅಪ್ಪ ಕೇಳಿದ್ದು ಒಂದೇ ಪ್ರಶ್ನೆ: "ಈ ದಾರಿಯಲ್ಲಿ ಐದು ವರ್ಷ ಆದ ಮೇಲೆ ಜನ ಎಲ್ಲಿರ್ತಾರೆ?" ಆ ಹದಿನೈದು ಕಾಲಂಗಳಲ್ಲಿ ಇಲ್ಲದ ಪ್ರಶ್ನೆ ಅದು. ತಾನು ಭೇಟಿಯಾದವರಿಗೆಲ್ಲ ಅವಳು ಅದನ್ನೇ ಕೇಳಿದಳು.

ಎಂಟು ವಾರಗಳಲ್ಲಿ ತಿಳಿದದ್ದು ನಾನು ಎಣಿಸಿದಂತಿರಲಿಲ್ಲ. ಪಾಠ ಹೇಳುವುದು ಅವಳಿಗೆ ಒಗ್ಗುತ್ತದೆ ಎಂದುಕೊಂಡಿದ್ದೆ. ಒಂದು ವಾರ ಸಂಜೆ ತರಗತಿ ತೆಗೆದುಕೊಂಡು ಬಂದವಳು, ಪಾಠದ ತಯಾರಿ ಮಾಡುವಾಗ ಗಡಿಯಾರ ನೋಡಿರಲಿಲ್ಲ, ತರಗತಿಯಲ್ಲಿ ಐದು ನಿಮಿಷಕ್ಕೊಮ್ಮೆ ನೋಡುತ್ತಿದ್ದೆ ಎಂದಳು. ಚಿತ್ರ ಬರೆಯುವ ಕೆಲಸ ಹಿಡಿಸಿತು, ದಿನವಿಡೀ ಒಬ್ಬಳೇ ಕೂರುವುದು ಹಿಡಿಸಲಿಲ್ಲ. ಆರೋಗ್ಯ ಮಾಹಿತಿಯ ಕೆಲಸದಲ್ಲಿ ವೈದ್ಯರ ಬಳಿ ಹೋಗಿ ಕೇಳಬೇಕು, ಬರೆದದ್ದನ್ನು ರೋಗಿಗಳಿಗೆ ತೋರಿಸಬೇಕು, ಅವರಿಗೆ ತಿಳಿಯದಿದ್ದರೆ ತಿದ್ದಬೇಕು. ಔಷಧಿ ತೆಗೆದುಕೊಳ್ಳುವ ಕ್ರಮದ ಒಂದು ಪುಟವನ್ನು ಆರು ಸಲ ತಿದ್ದಿದ್ದಳು. ಆರನೆಯದನ್ನು ನನಗೆ ತೋರಿಸುವಾಗ, ಐದನೆಯದರಲ್ಲಿ ಏನು ತಪ್ಪಿತ್ತು ಎಂಬುದನ್ನೇ ಹತ್ತು ನಿಮಿಷ ವಿವರಿಸಿದಳು.

ಅಪ್ಪನ ಪ್ರಶ್ನೆಗೆ ಸಿಕ್ಕ ಉತ್ತರ ಮಾತ್ರ ಸಲೀಸಾಗಿರಲಿಲ್ಲ. ಈ ಕೆಲಸದಲ್ಲಿದ್ದವರು ಹೇಳಿದ್ದೇನೆಂದರೆ, ನೇರವಾಗಿ ಇದೇ ಹುದ್ದೆಗೆ ಬಂದವರು ಕಡಿಮೆ, ಬಹಳ ಮಂದಿ ಶುಶ್ರೂಷೆಯಿಂದಲೋ ಸಂಶೋಧನೆಯಿಂದಲೋ ಬರವಣಿಗೆಯಿಂದಲೋ ಹೊರಳಿ ಬಂದವರು. ಇದನ್ನು ಮುಚ್ಚಿಡದೆ ಅಪ್ಪನಿಗೆ ಹೇಳಿದ್ದಾಳೆ. ಈಗ ಅವಳೆದುರು ಎರಡು ಅರ್ಜಿಗಳಿವೆ: ವಿಜ್ಞಾನ ಸಂವಹನದ ಸ್ನಾತಕೋತ್ತರ ಕೋರ್ಸು, ಮತ್ತು ಅವಳ ಪ್ರಾಧ್ಯಾಪಕರ ಪ್ರಯೋಗಾಲಯದಲ್ಲಿ ಒಂದು ವರ್ಷದ ಸಹಾಯಕಿಯ ಕೆಲಸ. ಎರಡಕ್ಕೂ ಹಾಕು, ಪ್ರಯೋಗಾಲಯಕ್ಕೆ ಹೋದರೂ ತಿಂಗಳಿಗೊಂದು ಪುಟ ಬರೆಯುವುದನ್ನು ಬಿಡಬೇಡ ಎಂದಿದ್ದೇನೆ. ಅರ್ಜಿಗಳ ಫಲಿತಾಂಶ ಬಂದ ವಾರ ಮತ್ತೆ ಭೇಟಿಯಾಗುವುದೆಂದು ಮಾತಾಗಿದೆ. ಫೈಲನ್ನು ಅವಳು ನನ್ನ ಮೇಜಿನ ಮೇಲೆಯೇ ಮರೆತು ಹೋಗಿದ್ದಾಳೆ, ಬಂದಾಗ ಕೊಡಬೇಕು.